ಕುತ್ತಿಗೆಯ ಬೊಕ್ಕೆಗಳೂ ಕಾಡಿಗೆಯ ಬಾಣಗಳೂ

ಯಕ್ಷಗಾನದ ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚುವ ಜಾಗದಲ್ಲಿ, ಕನ್ನಡಿ ಎದುರು ಕೂತು ಸಫೇದ ಕಲಸುತ್ತಿದ್ದೆ. ಅಂಗೈಯಲ್ಲಿ ನಾಲ್ಕು ಹನಿ ತೆಂಗಿನೆಣ್ಣೆ, ಅದರ ಮೇಲೆ ಬಿಳಿ ಪುಡಿ. ಪಕ್ಕದ ಪೆಟ್ಟಿಗೆಯ ಮೇಲೆ ಕೂತಿದ್ದ ಮಾಷ್ಟ್ರು ನನ್ನ ಕುತ್ತಿಗೆಯ ಕಡೆ ಬಗ್ಗಿ ನೋಡಿದರು. "ಎಂತ ಮಾರಾಯ, ನಿನ್ನೆ ರಾತ್ರಿ ನುಸಿಗಳಿಗೆ ಊಟ ಹಾಕಿದ್ದಾ?"

ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಅದು ನುಸಿ ಕಚ್ಚಿದ್ದಲ್ಲ. ದವಡೆಯ ಕೆಳಗಿನಿಂದ ಅಂಗಿಯ ಕಾಲರಿನವರೆಗೆ ಇಪ್ಪತ್ತು, ಇಪ್ಪತ್ತೈದು ಕೆಂಪು ಬೊಕ್ಕೆಗಳು. ಕೆಲವು ಗಟ್ಟಿ, ಕೆಲವಕ್ಕೆ ತುದಿಯಲ್ಲಿ ಬಿಳಿ. ಅವತ್ತು ನನ್ನದು ಸುಭದ್ರೆ. ಮುಖಕ್ಕೆ ಬಣ್ಣ ಚೆನ್ನಾಗಿಯೇ ಕೂತಿತು. ಕುತ್ತಿಗೆಗೆ ಹಚ್ಚಿದಾಗ ಮಾತ್ರ, ಸಾರಣೆ ಸರಿಯಾಗದ ಗೋಡೆಗೆ ಸುಣ್ಣ ಬಳಿದ ಹಾಗೆ, ಒಂದೊಂದು ಬೊಕ್ಕೆಯೂ ಎದ್ದು ಕಂಡಿತು. ರಂಗಸ್ಥಳದಲ್ಲಿ ಹತ್ತು ನಿಮಿಷ ಕುಣಿದ ಮೇಲೆ ಬೆವರು ಇಳಿಯಿತು ನೋಡಿ, ಉರಿ ಅಂದರೆ ಉರಿ. ಅಭಿಮನ್ಯುವಿನ ಚಿಂತೆಯಲ್ಲಿ ನಿಜವಾಗಿ ಕಣ್ಣೀರು ಹಾಕಿದಿರಿ ಅಂತ ಮರುದಿನ ಒಬ್ಬರು ಹೊಗಳಿದರು. ನಾನು ಸುಮ್ಮನೆ ಕೈ ಮುಗಿದೆ.

ನಾನು ಹವ್ಯಾಸಿ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಮನೆ, ವಿದ್ಯಾನಗರದಲ್ಲಿ ಆಫೀಸು, ದಿನಾ ಚೆರ್ಕಳ ದಾಟಿ ಬಸ್ಸಿನಲ್ಲಿ ಓಡಾಟ. ವರ್ಷಕ್ಕೆ ಇಪ್ಪತ್ತು ಯಕ್ಷಗಾನದ ಆಟ ಸಿಕ್ಕಿದರೆ ಜಾಸ್ತಿ. ಎಲ್ಲವೂ ಸ್ತ್ರೀವೇಷ. "ಹಾಗಾದರೆ ಗಡ್ಡ ಬಿಟ್ಟುಬಿಡು" ಅನ್ನುವ ಸುಲಭದ ದಾರಿ ನನಗಿಲ್ಲ. ಗಡ್ಡ ಬಿಟ್ಟ ಸುಭದ್ರೆಯನ್ನು ಯಾರು ನೋಡುತ್ತಾರೆ?

ಬೊಕ್ಕೆ ಯಾಕೆ ಬರುತ್ತದೆ ಅನ್ನುವುದಕ್ಕೆ ಮನೆಗೊಂದು ಕಾರಣ ಇತ್ತು. ಅಮ್ಮನ ಪ್ರಕಾರ ಉಷ್ಣ. "ರಾತ್ರಿ ನಿದ್ದೆಗೆಟ್ಟರೆ ಇನ್ನೆಂತ ಆಗ್ತದೆ ಮಗಾ?" ಅಂತ ದಿನಾ ಒಂದು ಲೋಟ ಪುನರ್ಪುಳಿ ಶರಬತ್ತು. ಶರಬತ್ತು ರುಚಿಯಾಗಿತ್ತು, ಬೊಕ್ಕೆ ಹಾಗೆಯೇ ಇತ್ತು. ಹೆಂಡತಿಗೆ ಹೆದ್ದಾರಿ ಕೆಲಸದ ಧೂಳಿನ ಮೇಲೆ ಸಂಶಯ. ಭಾವನಿಗೆ ಸಫೇದದ ಮೇಲೆ. ನನಗೂ ಸಫೇದವೇ ಇರಬೇಕು ಅನ್ನಿಸಿತ್ತು. ಆದರೆ ಒಂದು ವಿಷಯ ತಾಳೆ ಆಗುತ್ತಿರಲಿಲ್ಲ. ಸಫೇದ ಹಣೆಗೂ ಕೆನ್ನೆಗೂ ಹಚ್ಚುತ್ತೇನೆ. ಅಲ್ಲಿ ಒಂದೂ ಬೊಕ್ಕೆ ಇಲ್ಲ.

ಆಗ ನಾನು ಶೇವ್ ಮಾಡುತ್ತಿದ್ದ ರೀತಿ ಹೇಳುತ್ತೇನೆ, ಓದಿ ಬೈಯಬೇಡಿ. ಆಟದ ದಿನ ಆಫೀಸಿನಿಂದ ಆರು ಗಂಟೆಗೆ ಮನೆ. ಏಳಕ್ಕೆ ಬೈಕು ಹತ್ತಬೇಕು. ಮುಖಕ್ಕೆ ತಣ್ಣೀರು ಎರಚಿ, ಡಬ್ಬಿಯಿಂದ ಬುಸ್ಸಂತ ನೊರೆ ತೆಗೆದು ಬಳಿದು, ಆ ಕ್ಷಣವೇ ರೇಜರ್ ಹಿಡಿಯುವುದು. ಒಂದರ ಹಿಂದೆ ಒಂದು ಬ್ಲೇಡುಗಳಿರುವ ದುಬಾರಿ ರೇಜರ್. ಎಡಗೈಯಲ್ಲಿ ಕುತ್ತಿಗೆಯ ಚರ್ಮ ಕೆಳಕ್ಕೆ ಎಳೆದು ಹಿಡಿದು, ಕೆಳಗಿನಿಂದ ಮೇಲಕ್ಕೆ ಉಲ್ಟಾ ಎಳೆಯುವುದು. ಬೆರಳು ಸವರಿ ನೋಡುವುದು. ಎಲ್ಲಾದರೂ ಚೂರು ತರಿ ಸಿಕ್ಕಿದರೆ ಅಲ್ಲೇ ಮತ್ತೊಂದು ಸಲ, ಹೆಚ್ಚಾಗಿ ನೊರೆ ಇಲ್ಲದೆ. ಬಾಳೆ ಎಲೆಯಷ್ಟು ನುಣ್ಣಗೆ ಆಗುವವರೆಗೆ ಬಿಡುತ್ತಿರಲಿಲ್ಲ. ಆಮೇಲೆ ಸ್ಪಿರಿಟ್ಟಿನ ವಾಸನೆಯ ಆಫ್ಟರ್‌ಶೇವ್ ಚಟಪಟ ಬಡಿಯುವುದು. ಉರಿದರೆ ಕ್ರಿಮಿ ಸತ್ತವು ಅಂತ ಸಮಾಧಾನ. ಒಂದು ಗಂಟೆಯೊಳಗೆ ಅದರ ಮೇಲೆ ಎಣ್ಣೆ, ಸಫೇದ, ಕೊರಳಿಗೆ ಬಿಗಿದು ಕಟ್ಟಿದ ಆಭರಣದ ದಾರ.

ಮಧ್ಯದಲ್ಲಿ ಒಂದು ಮೆಡಿಕಲ್ ಶಾಪಿಗೆ ಹೋಗಿ ಕುತ್ತಿಗೆ ತೋರಿಸಿದೆ. ಅಲ್ಲಿದ್ದವರು "ಇದ್ ತೇಚ್ಚಾ ಮದಿ" ಅಂತ ಒಂದು ಟ್ಯೂಬು ಕೊಟ್ಟರು. ಹಚ್ಚಿದರೆ ಸಾಕಂತೆ. ನಿಜಕ್ಕೂ ಮೂರೇ ದಿನದಲ್ಲಿ ಕೆಂಪು ಮಾಯ! ದೇವರೇ ಸಿಕ್ಕಿದ ಹಾಗಾಯಿತು. ಎರಡು ತಿಂಗಳು ಹಚ್ಚಿದೆ. ಟ್ಯೂಬು ಮುಗಿದ ವಾರ, ಬೊಕ್ಕೆಗಳು ಮೊದಲಿಗಿಂತ ಜೋರಾಗಿ ಬಂದವು. ಚರ್ಮ ಬೇರೆ ತೆಳುವಾಗಿ ಹೊಳೆಯುತ್ತಿತ್ತು. ಅದು ಸ್ಟೀರಾಯ್ಡ್ ಸೇರಿದ ಮುಲಾಮು ಅಂತ ತಿಳಿದದ್ದು ಆಮೇಲೆ.

ಸುಳಿವು ಸಿಕ್ಕಿದ್ದು ಶಬರಿಮಲೆಯಿಂದ. ಆ ವರ್ಷ ನವೆಂಬರಿನಲ್ಲಿ ಮಾಲೆ ಹಾಕಿದ್ದೆ. ನಲವತ್ತೊಂದು ದಿನದ ವ್ರತ, ಕತ್ತರಿ ಇಲ್ಲ, ಬ್ಲೇಡು ಇಲ್ಲ. ಮೊದಲ ಹತ್ತು ದಿನ ನರಕ. ಕುತ್ತಿಗೆ ತುರಿಸಿ ತುರಿಸಿ ಬಸ್ಸಿನಲ್ಲಿ ಪಕ್ಕದವರು ದೂರ ಸರಿದು ಕೂತದ್ದೂ ಉಂಟು. ಮೂರನೇ ವಾರ ತುರಿಕೆ ನಿಂತಿತು. ನಾಲ್ಕನೇ ವಾರ ಗಡ್ಡದೊಳಗೆ ಬೆರಳು ಹಾಕಿ ಹುಡುಕಿದರೆ ಬೊಕ್ಕೆಯೇ ಇಲ್ಲ. ಅದೇ ಧೂಳು, ಅದೇ ಬೆವರು. ತಣ್ಣೀರಿನ ಸ್ನಾನ ಇದ್ದದ್ದರಿಂದ ಉಷ್ಣ ಕಮ್ಮಿಯಾಯಿತು ಅಂತ ಅಮ್ಮ ಹೇಳಿದರು. ಮಲೆಗೆ ಹೋಗಿ ಬಂದು ಮಾಲೆ ತೆಗೆದ ಮರುದಿನ ಶೇವ್ ಮಾಡಿದೆ. ಐದನೇ ದಿನ ಹನ್ನೊಂದು ಬೊಕ್ಕೆ. ಎಣಿಸಿದ್ದೇನೆ.

ಆಗಲೇ ಕುಂಬಳೆಯಲ್ಲಿ ರೈಲು ಹತ್ತಿ ಮಂಗಳೂರಿಗೆ ಹೋಗಿ ಚರ್ಮದ ಡಾಕ್ಟ್ರನ್ನು ಕಂಡೆ. ಅವರು ಲೈಟಿರುವ ಭೂತಗನ್ನಡಿ ಇಟ್ಟು ನೋಡಿದರು. ನನ್ನ ಫೋನಿನಲ್ಲೇ ಒಂದು ಫೋಟೋ ತೆಗೆದು ದೊಡ್ಡದು ಮಾಡಿ ತೋರಿಸಿದರು. ಕೆಂಪು ಗುಳ್ಳೆಯ ನಡುವೆ ಚರ್ಮದ ಅಡಿಯಲ್ಲಿ ಕಪ್ಪು ಕೂದಲು, ಅಲ್ಪವಿರಾಮದ ಚಿಹ್ನೆಯ ಹಾಗೆ ಸುರುಳಿ ಸುತ್ತಿ ಮಲಗಿತ್ತು. ನನ್ನ ಕುತ್ತಿಗೆಯೊಳಗೆ ಅಂಥದ್ದೊಂದು ಇದೆ ಅಂತ ನೋಡಿದಾಗ ಮೈ ಜುಂ ಅಂದಿತು.

"ಇದು ಮೊಡವೆ ಅಲ್ಲ" ಅಂದರು. "ನಿಮ್ಮ ಕೂದಲು ಗುಂಗುರು. ಕತ್ತರಿಸಿದ ತುದಿ ವಾಪಸ್ ಬಂದು ನಿಮ್ಮನ್ನೇ ಚುಚ್ಚುತ್ತಾ ಉಂಟು." ಇದರ ಹೆಸರು ಸ್ಯೂಡೋಫಾಲಿಕ್ಯುಲೈಟಿಸ್ ಬಾರ್ಬೆ. ಹೆಸರು ಕೇಳಿ ಹೆದರಬೇಡಿ ಅಂತ ಹೇಳಿ ಚೀಟಿಯ ಹಿಂದೆ ಒಂದು ಚಿತ್ರ ಬರೆದರು. ಗುಂಗುರು ಕೂದಲು ಚರ್ಮದಿಂದ ನೆಟ್ಟಗೆ ಬರುವುದಿಲ್ಲ, ಬಾಗಿ ಬರುತ್ತದೆ. ಅದನ್ನು ಕತ್ತರಿಸಿದರೆ ಓರೆಯಾಗಿ ಕಡಿದ ಬಿದಿರಿನ ಹಾಗೆ ತುದಿ ಚೂಪಾಗುತ್ತದೆ. ಎರಡು ದಿನ ಬೆಳೆದು, ಬಾಗಿ, ಪಕ್ಕದ ಚರ್ಮಕ್ಕೆ ಚುಚ್ಚುತ್ತದೆ. ಇದು ಒಂದು ದಾರಿ. ಇನ್ನೊಂದು ಇನ್ನೂ ಕೆಟ್ಟದ್ದು. ಕೂದಲನ್ನು ಎಳೆದು ಚರ್ಮದ ಮಟ್ಟಕ್ಕಿಂತ ಕೆಳಗೆ ಕತ್ತರಿಸಿದರೆ ಅದು ಹೊರಗೆ ಬರುವ ಮೊದಲೇ ಒಳಗಿನ ಗೋಡೆಯನ್ನು ತೂತು ಮಾಡುತ್ತದೆ. ದೇಹ ಅದನ್ನು ಮುಳ್ಳು ಅಂತಲೇ ತಿಳಿಯುತ್ತದೆ. ಊದುತ್ತದೆ, ಕೆಂಪಾಗುತ್ತದೆ. ನಮ್ಮಂಥ ಕಂದು ಚರ್ಮದವರಿಗೆ ಊತ ಇಳಿದ ಮೇಲೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ.

ಹಲವು ಬ್ಲೇಡಿನ ರೇಜರಿನ ಕೆಲಸವೇ ಅದಂತೆ. ಮುಂದಿನ ಬ್ಲೇಡು ಕೂದಲನ್ನು ಹಿಡಿದು ಸ್ವಲ್ಪ ಹೊರಗೆ ಎಳೆಯುತ್ತದೆ. ಅದು ಒಳಗೆ ಜಾರುವ ಮೊದಲು ಹಿಂದಿನ ಬ್ಲೇಡು ಕತ್ತರಿಸುತ್ತದೆ. ಉಳಿದ ಮೋಟು ಚರ್ಮದ ಅಡಿಗೆ ಹೋಗುತ್ತದೆ. ನೇರ ಕೂದಲಿನವರಿಗೆ ಇದರಿಂದ ಏನೂ ತೊಂದರೆ ಇಲ್ಲದಿರಬಹುದು. ನನ್ನ ಕುತ್ತಿಗೆಗೆ ಇದು ಆಗುವುದಿಲ್ಲ. ಎಡಗೈಯಲ್ಲಿ ಚರ್ಮ ಎಳೆದು ಹಿಡಿಯುವುದೂ ಇದೇ ಕೆಲಸ ಮಾಡುತ್ತದೆ. ಕೈ ಬಿಟ್ಟ ಕೂಡಲೇ ಚರ್ಮ ಮೇಲೆ ಬರುತ್ತದೆ, ಕೂದಲು ಒಳಗೆ ಹೋಗುತ್ತದೆ. ಬಾಳೆ ಎಲೆಯ ಆ ನುಣುಪು ಅಂದರೆ ಇಷ್ಟೇ. ಕೂದಲು ಹೋಗಿಲ್ಲ, ಅಡಗಿದೆ.

"ನಿಮಗೆ ಎಷ್ಟು ನುಣ್ಣಗೆ ಬೇಕು?" ಅಂತ ಡಾಕ್ಟ್ರು ಕೇಳಿದರು.

"ಸ್ತ್ರೀವೇಷ ಮಾಡ್ಲಿಕ್ಕುಂಟು ಡಾಕ್ಟ್ರೇ."

"ಆಟ ನೋಡುವವರು ಸ್ಟೇಜಿಗೆ ಬಂದು ಕುತ್ತಿಗೆ ಮುಟ್ಟಿ ನೋಡ್ತಾರಾ?"

ಇಲ್ಲ ಅಲ್ವಾ? ಹತ್ತು ವರ್ಷದಲ್ಲಿ ಒಬ್ಬರೂ ಮುಟ್ಟಿಲ್ಲ. ಮುಟ್ಟಿ ನೋಡುತ್ತಿದ್ದದ್ದು ನಾನೊಬ್ಬನೇ. ಕಣ್ಣಿಗೆ ಬೇಕಾದ್ದಕ್ಕಿಂತ ಬೆರಳಿಗೆ ಬೇಕಾದ್ದು ಜಾಸ್ತಿ, ಆ ಜಾಸ್ತಿಯಲ್ಲೇ ಬೊಕ್ಕೆ ಇತ್ತು. ವಾಪಸ್ ಬರುವಾಗ ರೈಲಿನಲ್ಲಿ ಇದನ್ನೇ ಯೋಚಿಸುತ್ತಾ ಕೂತಿದ್ದೆ, ಕುಂಬಳೆ ದಾಟಿ ಕಾಸರಗೋಡಿನಲ್ಲಿ ಇಳಿದೆ.

ಡಾಕ್ಟ್ರು ಹೇಳಿದ್ದರಲ್ಲಿ ಕಷ್ಟದ್ದು ಮೊದಲನೆಯದೇ. ನಾಲ್ಕು ವಾರ ಬ್ಲೇಡು ಮುಟ್ಟಬಾರದು. ಗಡ್ಡ ದಿನಕ್ಕೆ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಕಮ್ಮಿ ಬೆಳೆಯುತ್ತದೆ, ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ಅಷ್ಟು ಉದ್ದ ಆದಾಗ ಒಳಗೆ ಸಿಕ್ಕಿಕೊಂಡ ಕೂದಲು ಸ್ಪ್ರಿಂಗಿನ ಹಾಗೆ ತಾನೇ ಎದ್ದು ಹೊರಗೆ ಬರುತ್ತದೆ. ವ್ರತದಲ್ಲಿ ಆದದ್ದು ಅದೇ. ಆದರೆ ಆಗ ಫೆಬ್ರವರಿ. ಆಟಗಳ ಸುಗ್ಗಿ. ಹಾಗಾಗಿ ಪತ್ತನಾಜೆಯವರೆಗೆ, ಅಂದರೆ ಆಟಗಳ ತಿರುಗಾಟ ಮುಗಿಯುವ ದಿನದವರೆಗೆ, ಹೇಗೋ ಕಳೆದೆ. ಆಟವಿಲ್ಲದ ದಿನ ಟ್ರಿಮ್ಮರಿನಲ್ಲಿ ಒಂದು ಮಿಲಿಮೀಟರ್ ಉಳಿಸಿ ಕತ್ತರಿಸುವುದು, ಆಟದ ದಿನ ಮಾತ್ರ ಬ್ಲೇಡು. ಮೇ ಕೊನೆಗೆ ಮೇಳಗಳು ಗೆಜ್ಜೆ ಬಿಚ್ಚಿದವು, ನಾನು ಗಡ್ಡ ಬಿಟ್ಟೆ. ಮಳೆಗಾಲದಲ್ಲಿ ನಮಗೆ ತಾಳಮದ್ದಳೆ. ಅಲ್ಲಿ ವೇಷ ಬೇಡ, ಅಂಗಿ ಪಂಚೆಯಲ್ಲಿ ಕೂತು ಮಾತಾಡಿದರೆ ಆಯಿತು. ಆ ಜೂನಿನಲ್ಲಿ ಒಂದು ಸೆಂಟಿಮೀಟರ್ ಗಡ್ಡ ಇಟ್ಟುಕೊಂಡು ದ್ರೌಪದಿಯ ಅರ್ಥ ಹೇಳಿದ್ದೇನೆ. ಯಾರೂ ಆಕ್ಷೇಪ ಎತ್ತಲಿಲ್ಲ.

ಹೊರಗೆ ಬರದ ನಾಲ್ಕೈದು ಕೂದಲು ಇದ್ದವು. ಚರ್ಮದ ಮೇಲೆ ಸಣ್ಣ ಬಳೆಯ ಹಾಗೆ ಕಾಣುತ್ತಿದ್ದವು, ಎರಡೂ ತುದಿ ಒಳಗೆ. ಸ್ಪಿರಿಟ್ಟಿನಲ್ಲಿ ಒರೆಸಿದ ಸೂಜಿಯನ್ನು ಆ ಬಳೆಯೊಳಗೆ ತೂರಿಸಿ ಮೆಲ್ಲ ಎತ್ತಬೇಕು, ಅಷ್ಟೇ. ಕೀಳಬಾರದು. ಕಿತ್ತರೆ ಹೊಸ ಕೂದಲು ಬರುವಾಗ ಮತ್ತೆ ಒಳಗೇ ಚುಚ್ಚುತ್ತದೆ. ಹಿಂಡಲೂ ಬಾರದು. ಮೊದಲೆಲ್ಲ ನಾನು ಎರಡನ್ನೂ ಮಾಡುತ್ತಿದ್ದೆ, ಅದೂ ಬಸ್ಸಿಗೆ ಕಾಯುವಾಗ ಉಗುರಿನಲ್ಲಿ. ಕೀವು ತುಂಬಿ ನೋಯುವ ಬೊಕ್ಕೆಯಾದರೆ, ಅಥವಾ ಉಂಗುರದ ಹಾಗೆ ಹರಡುವ ಕಜ್ಜಿಯಾದರೆ ಅದು ಬೇರೆ ರೋಗ, ಅದಕ್ಕೆ ಮದ್ದೂ ಬೇರೆ, ಬಂದು ತೋರಿಸಿ ಅಂದಿದ್ದರು. ಲೇಸರಿನಲ್ಲಿ ಕೂದಲನ್ನೇ ಕಮ್ಮಿ ಮಾಡಬಹುದು ಅಂತಲೂ ಹೇಳಿದರು. ಖರ್ಚು ಕೇಳಿ ಸುಮ್ಮನಾದೆ.

ಇನ್ನು ರೇಜರಿನ ಕಥೆ. ಒಂದೇ ಬ್ಲೇಡಿನದ್ದು ಬೇಕಿತ್ತು. ಅಟ್ಟದ ಮೇಲೆ ಅಪ್ಪನ ತಗಡಿನ ಪೆಟ್ಟಿಗೆಯಲ್ಲಿ ಅದು ಸಿಕ್ಕಿತು. ಹಿತ್ತಾಳೆಯದ್ದು, ಮೇಲಿನ ಹೊಳಪು ಹೋಗಿದೆ. ಬಿಚ್ಚಿದರೆ ಮೂರು ತುಂಡು. ತಲೆಯ ಮುಚ್ಚಳ, ಹಲ್ಲಿರುವ ಪಟ್ಟಿ, ಹಿಡಿ. ನಡುವೆ ಎರಡೂ ಕಡೆ ಹರಿತ ಇರುವ ತೆಳು ಬ್ಲೇಡು. ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ ಇದಕ್ಕೆ ಪೇಟೆಂಟ್ ಪಡೆದದ್ದು 1904ರಲ್ಲಿ. ಎರಡು ಬ್ಲೇಡಿನ ರೇಜರ್ ಬಂದದ್ದು 1971ರಲ್ಲಿ, ಮೂರರದ್ದು 1998ರಲ್ಲಿ, ಐದರದ್ದು 2006ರಲ್ಲಿ. ನಾನು ನೂರು ವರ್ಷ ಹಿಂದೆ ಹೋದೆ. ಬಿಸಿನೀರು, ಸೋಪು, ಹಳೇ ಹಲ್ಲುಜ್ಜುವ ಬ್ರಶ್ಶು ಹಾಕಿ ತಿಕ್ಕಿದ ಮೇಲೆ ಅದು ಇವತ್ತಿಗೂ ಚೆನ್ನಾಗಿ ಕೆಲಸ ಮಾಡುತ್ತದೆ. ಪೇಟೆಯಿಂದ ಮೂರು ತರದ ಬ್ಲೇಡು ತಂದೆ. ಒಂದು ಬ್ಲೇಡಿಗೆ ಒಂದು ಟೀಯಷ್ಟೂ ಬೆಲೆ ಇಲ್ಲ. ಯಾವುದು ಒಳ್ಳೆಯದು ಅಂತ ಕೇಳಬೇಡಿ, ಒಬ್ಬರಿಗೆ ಆಗುವುದು ಇನ್ನೊಬ್ಬರಿಗೆ ಆಗುವುದಿಲ್ಲ. ನಾಲ್ಕು ಶೇವಿಗೆ ಒಮ್ಮೆ ಬದಲಿಸುತ್ತೇನೆ. ಮೊಂಡ ಬ್ಲೇಡು ಕತ್ತರಿಸುವುದಿಲ್ಲ, ಎಳೆಯುತ್ತದೆ.

ಆದರೆ ರೇಜರಿಗಿಂತ ದೊಡ್ಡ ವಿಷಯ ದಿಕ್ಕು. ಕೂದಲು ಮಲಗಿರುವ ಕಡೆಗೇ ಎಳೆಯಬೇಕು ಅಂತ ಡಾಕ್ಟ್ರು ಹೇಳಿದ್ದರು. ಬಡಗಿ ಕೀಸುಳಿ ಹಾಕುವಾಗ ಮರದ ಎಳೆ ನೋಡುತ್ತಾನಲ್ಲ, ಹಾಗೆ. ನಾನು ಸುಲಭ ಅಂದುಕೊಂಡೆ. ಕುತ್ತಿಗೆಯ ಕೂದಲು ಮೇಲಿಂದ ಕೆಳಕ್ಕೆ ತಾನೇ? ಹಾಗೇ ಎಳೆದೆ. ಎರಡು ಶೇವ್ ಆದ ಮೇಲೆ ಕುತ್ತಿಗೆಯ ಕೆಳಭಾಗದಲ್ಲಿ ಮತ್ತೆ ಬೊಕ್ಕೆ. ರೇಜರ್ ಹೊಸದು, ಬೊಕ್ಕೆ ಹಳೆಯದೇ.

ಅವತ್ತು ಭಾನುವಾರ. ಎರಡು ದಿನದ ಗಡ್ಡ ಇತ್ತು. ಬಣ್ಣದ ಪೆಟ್ಟಿಗೆಯಿಂದ ಕಾಡಿಗೆ ಕಡ್ಡಿ ತಂದು ಕನ್ನಡಿ ಎದುರು ನಿಂತೆ. ಚೂರು ಹತ್ತಿ ತೆಗೆದು ಕುತ್ತಿಗೆಯ ಮೇಲೆ ಸವರಿದೆ. ಕೂದಲು ಮಲಗಿದ ಕಡೆಗೆ ಸವರಿದರೆ ಹತ್ತಿ ಜಾರುತ್ತದೆ. ಉಲ್ಟಾ ಸವರಿದರೆ ಸಿಕ್ಕಿಕೊಂಡು ಎಳೆ ಬಿಡುತ್ತದೆ. ಇಂಚಿಂಚು ಹೀಗೆ ನೋಡುವುದು, ಜಾರಿದ ಕಡೆಗೆ ಕಾಡಿಗೆಯಲ್ಲಿ ಒಂದು ಬಾಣ ಎಳೆಯುವುದು. ಇಪ್ಪತ್ತು ನಿಮಿಷ ಆಯಿತು. ಮುಗಿಸಿ ನೋಡಿದರೆ ನಾನು ಅಂದುಕೊಂಡಿದ್ದಕ್ಕೂ ಅಲ್ಲಿದ್ದದ್ದಕ್ಕೂ ಸಂಬಂಧವೇ ಇಲ್ಲ. ದವಡೆಯ ಕೆಳಗೆ ಎರಡು ಬೆರಳು ಅಗಲ ಬಾಣಗಳು ಕೆಳಕ್ಕೆ. ಗಂಟಲಮಣಿಯ ಕೆಳಗೆ ಎಲ್ಲಾ ಬಾಣ ಮೇಲಕ್ಕೆ! ಬಲಗಡೆ ಕಿವಿಯ ಕಡೆಗೆ ಅಡ್ಡ. ಎಡಗಡೆ ಒಂದು ಸುಳಿ, ತಲೆಯಲ್ಲಿ ಇರುತ್ತದಲ್ಲ, ಅಂಥದ್ದೇ.

ಹೆಂಡತಿ ಅಡುಗೆಮನೆಯಿಂದ ಬಂದು ನೋಡಿ, "ಇದೆಂತ ನಿಮ್ಮ ಹೊಸ ವೇಷ? ಯಾವ ಪ್ರಸಂಗದ್ದು?" ಅಂದಳು. ಆಮೇಲೆ ಅವಳೇ ಫೋಟೋ ತೆಗೆದಳು. ಆ ಫೋಟೋ ಇವತ್ತಿಗೂ ಫೋನಿನಲ್ಲಿ ಉಂಟು. ಮೊದಲ ತಿಂಗಳು ಅದನ್ನು ಕನ್ನಡಿಯ ಪಕ್ಕ ಇಟ್ಟು ನೋಡಿಕೊಂಡೇ ಶೇವ್ ಮಾಡಿದೆ. ಫೋಟೋದಲ್ಲಿ ಎಡಬಲ, ಕನ್ನಡಿಯಲ್ಲಿ ಬಲಎಡ, ಅದೊಂದು ಗೊಂದಲ.

ಈ ನಕ್ಷೆ ಪ್ರತಿಯೊಬ್ಬರದ್ದೂ ಬೇರೆ. ಅಕ್ಕನ ಮಗನಿಗೆ ಹತ್ತಿ, ಕಾಡಿಗೆ ಕೊಟ್ಟು ಕೂರಿಸಿದ್ದೆ. ಅವನದ್ದು ಎಲ್ಲಾ ನೇರ ಕೆಳಕ್ಕೆ, ಸುಳಿ ಇಲ್ಲ, ಎಂಥದ್ದೂ ಇಲ್ಲ. ಪುಣ್ಯವಂತ.

ಈಗ ನನ್ನ ಶೇವ್ ಹೀಗೆ. ಆಟ ರಾತ್ರಿ ಇದ್ದರೆ ಶೇವ್ ಬೆಳಿಗ್ಗೆಯೇ. ಚರ್ಮಕ್ಕೆ ಹನ್ನೆರಡು ಗಂಟೆ ರಜೆ ಸಿಗುತ್ತದೆ, ಆಮೇಲೆ ಸಫೇದ ಬಂದರೂ ಉರಿಯುವುದಿಲ್ಲ. ಸ್ನಾನದ ನಂತರವೇ ಮಾಡುವುದು. ಬಚ್ಚಲಿನ ಹಂಡೆಯ ಬಿಸಿನೀರು ಗಡ್ಡಕ್ಕೆ ಮೂರು ನಿಮಿಷ ತಾಗಿದರೆ ತಂತಿಯಂಥ ಕೂದಲು ನೆನೆದು ಮೆತ್ತಗಾಗುತ್ತದೆ. ಒಣ ಕೂದಲಿಗಿಂತ ನೆನೆದ ಕೂದಲನ್ನು ಕತ್ತರಿಸಲು ತುಂಬ ಕಮ್ಮಿ ಬಲ ಸಾಕು. ಮುಖ ಒರೆಸದೆ ಹಾಗೇ ನೊರೆಗೆ ಹೋಗುತ್ತೇನೆ. ನೊರೆ ಮಾಡುವುದು ತೆಂಗಿನ ಗೆರಟೆಯಲ್ಲಿ. ನಯ ಮಾಡಿದ ದೊಡ್ಡ ಗೆರಟೆ, ಹುಣಸೆ ಬೀಜದಷ್ಟು ಕ್ರೀಮು, ನೀರು ಝಾಡಿಸಿದ ಬ್ರಶ್ಶು. ತಿರುಗಿಸುತ್ತಾ ಹನಿ ಹನಿ ನೀರು ಸೇರಿಸಬೇಕು. ಮೊದಲು ದೊಡ್ಡ ಗುಳ್ಳೆಗಳು, ಆಮೇಲೆ ಗುಳ್ಳೆ ಮಾಯವಾಗಿ ಗಟ್ಟಿ ಮೊಸರಿನ ಹಾಗೆ ಹೊಳೆಯುತ್ತದೆ. ಅಲ್ಲಿಗೆ ನಿಲ್ಲಿಸಿ.

ನೀರಿನ ವಿಷಯದಲ್ಲಿ ನಾನು ಅದೃಷ್ಟವಂತ. ನಮ್ಮ ಮನೆಗೆ ಈಗಲೂ ಸುರಂಗದ ನೀರು. ಹೊರಗಿನವರಿಗೆ ಹೇಳುವುದಾದರೆ, ಬಾವಿಯ ಹಾಗೆ ಕೆಳಕ್ಕಲ್ಲ, ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗ. ಆ ನೀರಿನಲ್ಲಿ ಸೋಪು ಬೇಗ ನೊರೆ ಬರುತ್ತದೆ. ಪೇಟೆಯ ಅಣ್ಣನ ಫ್ಲ್ಯಾಟಿನಲ್ಲಿ ಬೋರ್‌ವೆಲ್ಲಿನ ಗಡಸು ನೀರು. ಅಲ್ಲಿ ಅದೇ ಕ್ರೀಮು, ಅದೇ ಬ್ರಶ್ಶು, ನೊರೆ ಮಾತ್ರ ಎರಡೇ ನಿಮಿಷದಲ್ಲಿ ಸತ್ತುಹೋಗುತ್ತದೆ. ಅಂಥಲ್ಲಿ ಕ್ರೀಮು ಜಾಸ್ತಿ ಹಾಕಬೇಕು. ಕುಡಿಯುವ ಫಿಲ್ಟರ್ ನೀರಿನಲ್ಲಿ ನೊರೆ ಮಾಡಿದ್ದಕ್ಕೆ ಅತ್ತಿಗೆ ಹತ್ತಿರ ಬೈಸಿಕೊಂಡದ್ದೂ ಆಗಿದೆ.

ಬ್ಲೇಡಿನ ಕೋನ ಹಿಡಿಯುವುದು ಕಿವಿಯಿಂದ. ರೇಜರಿನ ತಲೆಯ ಮುಚ್ಚಳವನ್ನು ಚರ್ಮಕ್ಕೆ ತಾಗಿಸಿ ಇಡಿ, ಹಿಡಿ ನೇರ ಹೊರಕ್ಕೆ ಚಾಚಿರಲಿ. ಬ್ಲೇಡು ಇನ್ನೂ ತಾಗಿರುವುದಿಲ್ಲ. ಈಗ ಎಳೆಯುತ್ತಾ ಹಿಡಿಯನ್ನು ನಿಧಾನ ಇಳಿಸಿ. ಒಂದು ಕಡೆ ಸಣ್ಣಗೆ ಕರಕರ ಶಬ್ದ ಬರುತ್ತದೆ. ಅದೇ ಕೋನ, ಸುಮಾರು 30 ಡಿಗ್ರಿ. ಒತ್ತಲೇಬಾರದು. ಹಿತ್ತಾಳೆಯ ತೂಕವೇ ಸಾಕು. ನನ್ನ ಕೈಗೆ ಹಳೇ ಅಭ್ಯಾಸ, ಒತ್ತಿಬಿಟ್ಟೆ. ಮೊದಲ ದಿನವೇ ಗಂಟಲಮಣಿಯ ಮೇಲೆ ಗೀರು, ರಕ್ತ ಬನಿಯನ್ನಿಗೆ. ಅಮ್ಮ ಕೋಲಾಹಲ ಮಾಡಿದರು. ಆಮೇಲೆ ಹಿಡಿಯನ್ನು ಮುಷ್ಟಿಯಲ್ಲಿ ಹಿಡಿಯುವುದು ಬಿಟ್ಟು ತುದಿಯಲ್ಲಿ ಮೂರು ಬೆರಳಿನಿಂದ ಹಿಡಿದೆ. ಹಾಗೆ ಹಿಡಿದರೆ ಒತ್ತಬೇಕೆಂದರೂ ಆಗುವುದಿಲ್ಲ. ಗಂಟಲಮಣಿಯ ಹತ್ತಿರ ತಲೆಯನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸುತ್ತೇನೆ, ಚರ್ಮ ಆ ಉಬ್ಬಿನಿಂದ ಸರಿದು ಮೆತ್ತನೆ ಜಾಗಕ್ಕೆ ಬರುತ್ತದೆ. ಎಡಗೈಗೆ ಅಲ್ಲಿ ಕೆಲಸವಿಲ್ಲ. ಮೊದಮೊದಲು ಅದನ್ನು ಬೆನ್ನ ಹಿಂದೆ ಕಟ್ಟಿ ನಿಲ್ಲುತ್ತಿದ್ದೆ, ಎಳೆಯುವ ಚಪಲ ಅಷ್ಟಿತ್ತು.

ಕೆನ್ನೆಗೆ ಎರಡು ಸುತ್ತು. ಕುತ್ತಿಗೆಗೆ ಒಂದೇ ಸುತ್ತು, ಬಾಣದ ದಿಕ್ಕಿಗೆ, ಒಂದು ಇಂಚಿನ ಸಣ್ಣ ಸಣ್ಣ ಎಳೆತ. ಪ್ರತಿ ಎಳೆತಕ್ಕೂ ಬ್ಲೇಡು ತೊಳೆಯಬೇಕು. ಆಟದ ದಿನ ಮಾತ್ರ ಮತ್ತೊಮ್ಮೆ ನೊರೆ ಹಚ್ಚಿ ಅದೇ ದಿಕ್ಕಿಗೆ ಇನ್ನೊಂದು ಸುತ್ತು. ಉಲ್ಟಾ ಮಾತ್ರ ಯಾವತ್ತೂ ಇಲ್ಲ. ಮುಗಿಸಿ ಸವರಿದರೆ ಬೆರಳಿಗೆ ಸಣ್ಣ ತರಿ ಸಿಗುತ್ತದೆ. ಮೊದಲ ವಾರ ಆ ತರಿಯನ್ನು ಬಿಟ್ಟು ಬರುವುದು ಎಷ್ಟು ಕಷ್ಟವಾಯಿತು ಅಂದರೆ, ಎರಡು ಸಲ ಬಾಗಿಲವರೆಗೆ ಹೋಗಿ ವಾಪಸ್ ಬಂದು ರೇಜರ್ ಕೈಗೆತ್ತಿಕೊಂಡಿದ್ದೆ. ಈಗ ಶೇವ್ ಆದ ಮೇಲೆ ಕುತ್ತಿಗೆ ಮುಟ್ಟುವುದೇ ಇಲ್ಲ.

ಆಮೇಲೆ ತಣ್ಣೀರು. ಒದ್ದೆ ಚರ್ಮದ ಮೇಲೆ ಪಟಿಕದ ತುಂಡು ಮೆಲ್ಲ ಜಾರಿಸುತ್ತೇನೆ. ಎಲ್ಲಿ ಜಾಸ್ತಿ ಒತ್ತಿದ್ದೇನೋ ಅಲ್ಲೇ ಚುರ್ ಅನ್ನುತ್ತದೆ. ತಪ್ಪು ತೋರಿಸುವ ಮಾಷ್ಟ್ರು ಅದು. ಅರ್ಧ ನಿಮಿಷ ಬಿಟ್ಟು ತೊಳೆದು, ಬೈರಾಸಿನಲ್ಲಿ ಒತ್ತಿ ಒಣಗಿಸಿ, ವಾಸನೆ ಇಲ್ಲದ ಸಾದಾ ಕ್ರೀಮು. ಸ್ಪಿರಿಟ್ಟಿನ ಆಫ್ಟರ್‌ಶೇವ್ ಬಾಟಲಿ ಭಾವನಿಗೆ ಹೋಯಿತು. ಶೇವ್ ಇಲ್ಲದ ರಾತ್ರಿ, ವಾರಕ್ಕೆ ಎರಡು ಮೂರು ಸಲ, ಡಾಕ್ಟ್ರು ಬರೆದುಕೊಟ್ಟ 2% ಸ್ಯಾಲಿಸಿಲಿಕ್ ಆಮ್ಲದ ಲೋಷನ್. ಸತ್ತ ಚರ್ಮ ಕೂದಲಿನ ಬಾಯಿ ಮುಚ್ಚದ ಹಾಗೆ ಅದು ನೋಡಿಕೊಳ್ಳುತ್ತದೆ. ಉತ್ಸಾಹದಲ್ಲಿ ದಿನಾ ಹಚ್ಚಿ ಒಮ್ಮೆ ಚರ್ಮ ಹಾವಿನ ಪೊರೆಯ ಹಾಗೆ ಎದ್ದು ಬಂದಿತ್ತು, ಹಾಗಾಗಿ ಲೆಕ್ಕ ಮೀರುವುದಿಲ್ಲ.

ಬಣ್ಣ ತೆಗೆಯುವುದರಲ್ಲೂ ಒಂದು ಬದಲಾವಣೆ ಮಾಡಿದೆ. ಮೊದಲು ಬೆಳಗಿನ ಜಾವ ತೆಂಗಿನೆಣ್ಣೆ ಹಚ್ಚಿ ಹಳೇ ಬಟ್ಟೆಯಲ್ಲಿ ತಿಕ್ಕಿ ತಿಕ್ಕಿ ಒರೆಸಿ, ಎಣ್ಣೆ ಮೈಯಲ್ಲೇ ಮಲಗುತ್ತಿದ್ದೆ. ಈಗ ಕುತ್ತಿಗೆಗೆ ಎಣ್ಣೆ ಹಚ್ಚಿ ಎರಡು ನಿಮಿಷ ಬಿಟ್ಟು, ಮೆತ್ತನೆ ಬಟ್ಟೆಯಲ್ಲಿ ಒತ್ತಿ ತೆಗೆದು, ಸೌಮ್ಯ ಸೋಪಿನಲ್ಲಿ ತೊಳೆದೇ ಮಲಗುವುದು. ಎಣ್ಣೆಗೂ ಸಫೇದಕ್ಕೂ ಬೊಕ್ಕೆಯ ಹುಟ್ಟಿನಲ್ಲಿ ಪಾಲಿರಲಿಲ್ಲ ನಿಜ, ಆದರೆ ಇದ್ದ ಬೊಕ್ಕೆಯನ್ನು ಕೆರಳಿಸುತ್ತಿದ್ದವು.

ದೀಪಾವಳಿ ಕಳೆದು ಆಟಗಳು ಸುರುವಾದಾಗ ಮತ್ತೆ ಮಾಷ್ಟ್ರ ಪಕ್ಕದಲ್ಲೇ ಬಣ್ಣಕ್ಕೆ ಕೂತೆ. ಅವರು ಕುತ್ತಿಗೆ ನೋಡಿದರು, ಏನೂ ಹೇಳಲಿಲ್ಲ. ನಾನೇ ಕೇಳಿದೆ, "ಮಾಷ್ಟ್ರೇ, ಕುತ್ತಿಗೆ ತರಿತರಿ ಕಾಣ್ತದಾ?" ಅವರು ಕನ್ನಡಕ ಸರಿಮಾಡಿ, "ಇಲ್ಲ. ಆದರೆ ನಿನ್ನ ಹುಬ್ಬು ಒಂದು ಮೇಲೆ ಒಂದು ಕೆಳಗೆ ಉಂಟು, ಅದನ್ನು ನೋಡು" ಅಂದರು.

ಬೊಕ್ಕೆ ಪೂರ್ತಿ ಹೋಗಿದೆ ಅಂತ ಹೇಳಲಾರೆ. ಎಡಗಡೆ ಸುಳಿಯ ಹತ್ತಿರ ಆಗಾಗ ಒಂದೆರಡು ಏಳುತ್ತವೆ. ಹಳೇ ಕಪ್ಪು ಕಲೆಗಳು ಮಾಸಲು ಎಂಟು ತಿಂಗಳು ಹಿಡಿಯಿತು. ಕಳೆದ ವಾರ ಕಾಸರಗೋಡಿನಲ್ಲಿ ಒಂದು ಮದುವೆ. ರೇಜರ್ ಮನೆಯಲ್ಲೇ ಮರೆತು ಹೋಗಿದ್ದೆ, ಹಾಗಾಗಿ ಬೆಳಿಗ್ಗೆ ಸೆಲೂನಿಗೆ ಹೋಗಿ ಕೂತೆ. ಉತ್ತರಪ್ರದೇಶದ ಹುಡುಗ, ಕೈ ಬಲು ಚುರುಕು. ಒಂದು ಸುತ್ತು ಮುಗಿಸಿ ಕನ್ನಡಿಯಲ್ಲಿ ನನ್ನ ಮುಖ ನೋಡಿ "ಉಲ್ಟಾ?" ಅಂತ ಕೇಳಿದ. ಬೇಡ ಅನ್ನಬೇಕಿತ್ತು. ಹಿಂದೆ ಮೂರು ಜನ ಕಾಯುತ್ತಿದ್ದರು, ಬಿಸಿ ಬಟ್ಟೆಯ ಸುಖದಲ್ಲಿ ಕಣ್ಣು ಮುಚ್ಚಿ ಹೋಗಿತ್ತು, ತಲೆ ತಾನಾಗಿ ಆಡಿತು. ಮದುವೆಯಲ್ಲಿ ಎಲ್ಲರೂ ಮುಖ ಹೊಳೆಯುತ್ತಿದೆ ಅಂದರು. ನಾನೂ ನಾಲ್ಕು ಸಲ ಕುತ್ತಿಗೆ ಸವರಿ ನೋಡಿಕೊಂಡೆ.

ಮೂರನೇ ದಿನ ಐದು ಬೊಕ್ಕೆ. ಮುಂದಿನ ಆಟಕ್ಕೆ ಇನ್ನೂ ಹತ್ತೊಂಬತ್ತು ದಿನ ಉಂಟು. ಅಲ್ಲಿವರೆಗೆ ಟ್ರಿಮ್ಮರ್.